ಮೋಡೆಮ್ಮಿಗೆ ಕುಂಕುಮ

"ನಮ್ಮನೆ ಹೂವಿಗೇ ಬೀಗ ಹಾಕ್ಬುಟ್ಯಲ್ಲಮ್ಮಿ!" ಫೋನಿನಲ್ಲಿ ಕೊಂಡಮ್ಮ ನಗುತ್ತಲೇ ಕೂಗಿದರು. "ಬೆಳಿಗ್ಗೆಯಿಂದ ಒತ್ತಿ ಒತ್ತಿ ಬೆಟ್ಟು ಸವೀತು. ಪ್ರವೇಶ ಇಲ್ಲ ಅಂತದೆ ಕಂಪ್ಯೂಟ್ರು. ಗೋಣಿ ನೆನ್ಸಿ ಹೊದಿಸಿದೀನಿ, ಎಷ್ಟೊತ್ತು ತಡೀತದೋ."

ಸೂಳಗಿರಿಯ ಹೂವಿನ ಕಂಪನಿಯಲ್ಲಿ ಕೂತಿದ್ದ ಸೊಸೆ ಚಂದ್ರಲೇಖಾಗೆ ನಗು ಬರಲಿಲ್ಲ. ತಳಿ ಊರಿನ ಶೆಡ್ಡಿನಲ್ಲಿ ಅತ್ತೆ ಕೊಯ್ದಿಟ್ಟ ಗುಲಾಬಿಗೆ ಬಿಸಿಲೇರಿದರೆ ಮುಗಿಯಿತು, ಯಾರೂ ಮೂಸುವುದಿಲ್ಲ. 'ಹೂ ಸಿದ್ಧ' ಎಂದು ಶೆಡ್ಡಿನವರು ಕಳಿಸುವ ಸಂದೇಶ ಕ್ಲೌಡಿನಲ್ಲಿರುವ ಕ್ಯೂಗೆ ಸೇರಬೇಕು. ಅಲ್ಲಿಂದ ಸರದಿಯ ಪ್ರಕಾರ ಡ್ರೈವರ್ ಮುನೀಶನ ಫೋನಿಗೆ ಹೋಗಬೇಕು. ಅದಿಲ್ಲದೆ ಪೆಟ್ಟಿಗೆಗೆ ಚೀಟಿ ಹುಟ್ಟುವುದಿಲ್ಲ. ಚೀಟಿಯಿಲ್ಲದ ಪೆಟ್ಟಿಗೆಯನ್ನು ಮುನೀಶ ಯಾರು ಹೇಳಿದರೂ ವ್ಯಾನಿಗೆ ಹತ್ತಿಸುವುದಿಲ್ಲ.

ಆ ಕ್ಯೂಗೆ ಬಾಗಿಲು ಹಾಕಿದವಳು ಅವಳೇ. ಹೋದ ತಿಂಗಳು ಯಾರೋ ಪುಣ್ಯಾತ್ಮರು ಹೊರಗಿನಿಂದ ಸುಳ್ಳು ಸಂದೇಶ ತುರುಕಿದ್ದರಿಂದ ವ್ಯಾನು ಊರೂರು ಸುತ್ತಿ ಖಾಲಿ ಬಂದಿತ್ತು. ಆಮೇಲೆ ಅವಳು ಪ್ರತಿ ಶೆಡ್ಡಿನ ಇಂಟರ್ನೆಟ್ ವಿಳಾಸ ಸೇರಿಸಿ, ಆ ವಿಳಾಸಗಳಿಂದ ಬಂದದ್ದಕ್ಕೆ ಮಾತ್ರ ಪ್ರವೇಶ ಎಂದು ಕಟ್ಟುಮಾಡಿದ್ದಳು. ಒಬ್ಬಳೇ ಮಾಡಿದ ಮೊದಲ ಕೆಲಸ! ಗಂಡ ಕುಮಾರೇಶನಿಗೆ ಊಟ ಬಡಿಸುತ್ತಾ ಹೇಳಿದ್ದನ್ನೇ ಹೇಳಿ ಅವನ ತಲೆ ತಿಂದಿದ್ದಳು.

"ಎಲ್ಲಾರ್ಗೂ ಓಪನ್ ಮಾಡ್ಬುಡಮ್ಮ," ಮ್ಯಾನೇಜರ್ ಸುಬ್ರಮಣಿ ಅವಸರಿಸಿದರು. "ಅಪ್ಪುರಂ... ಆಮೇಲೆ ಬೇರೆ ಯಾರಾದ್ರೂ ನೋಡ್ಕೊಳ್ಳಲಿ."

ಬೇರೆ ಯಾರಾದರೂ! ಆ ಮಾತು ಅವಳಿಗೆ ಚುರುಕ್ಕೆಂದಿತು. "ಸ್ವಲ್ಪ ತಡೀರಿ ಸಾರ್," ಎಂದು ಮತ್ತೆ ಫೋನ್ ಹಿಡಿದಳು. "ಅತ್ತೆ, ನಿನ್ನೆ ಶೆಡ್ಡಲ್ಲಿ ಏನಾದ್ರೂ ಬದಲಾಯ್ಸಿದ್ರಾ?"

"ಏನೂ ಇಲ್ವಲ್ಲಮ್ಮಿ. ಆಯುಧಪೂಜೆ ಅಂತ ತಕ್ಕಡಿ, ಕತ್ರಿ, ಮೋಡೆಮ್ಮು ಎಲ್ಲಾ ಆಫ್ ಮಾಡಿ, ಒರೆಸಿ, ಕುಂಕುಮ ಇಟ್ವಿ. ನೀನೇ ಅಲ್ವಾ ಆರತಿ ಎತ್ತಿದ್ದು?"

ಚಂದ್ರಲೇಖಾ ಹಣೆ ಚಚ್ಚಿಕೊಂಡಳು. ಆರಿಸಿ ಮತ್ತೆ ಹಾಕಿದ ಮೋಡೆಮ್ಮಿಗೆ ಫೋನ್ ಕಂಪನಿ ಹೊಸ ವಿಳಾಸ ಕೊಟ್ಟಿರುತ್ತದೆ. ಕ್ಯೂ ಇನ್ನೂ ಹಳೆಯದನ್ನೇ ಕಾಯುತ್ತಿದೆ. ಅತ್ತೆಮನೆಗೆ ಹಬ್ಬಕ್ಕೆ ಹೋದವಳು ಸುಮ್ಮನೆ ಒಬ್ಬಟ್ಟು ತಿಂದು ಬರಬಾರದಿತ್ತೆ? ಸ್ವಿಚ್ ಆರಿಸಿದ ಕೈಯೂ ಅವಳದೇ.

"ಅತ್ತೆ, ನಾನ್ ಈಗ ಕಳಿಸಿರೋ ಲಿಂಕ್ ಶೆಡ್ಡಿನ ಕಂಪ್ಯೂಟ್ರಲ್ಲೇ ಒತ್ತಿ. ಹೊಸ ವಿಳಾಸದ ನಂಬರ್ ಬತ್ತದೆ, ನಿಧಾನಕ್ಕೆ ಓದಿ. ಮಧ್ಯದ ಚುಕ್ಕಿ ಬಿಡ್ಬ್ಯಾಡಿ."

"ದಿನಾ ರಂಗೋಲಿ ಇಡೋಳಿಗೆ ಚುಕ್ಕಿ ಹೇಳ್ಕೊಡ್ತೀಯಾ?" ಕೊಂಡಮ್ಮ ಹೂವಿನ ಸಂತೆಯ ರೂಢಿಯಂತೆ ತೆಲುಗಿನಲ್ಲಿ ಅಂಕಿಗಳನ್ನು ಓದಿದರು, ಚುಕ್ಕಿಯನ್ನು ಮಾತ್ರ ಕನ್ನಡದಲ್ಲಿ ಒತ್ತಿ ಹೇಳಿದರು. ಚಂದ್ರಲೇಖಾ ಹಳೆಯ ವಿಳಾಸ ಅಳಿಸಿ ಹೊಸದನ್ನು ಸೇರಿಸಿದಳು.

"ಈಗ ಒತ್ತಿ ಅತ್ತೆ."

ಪರದೆಯ ಮೇಲೆ ಸಾಲೊಂದು ಮೂಡಿತು: ತಳಿ, ಗುಲಾಬಿ, ಹೂ ಸಿದ್ಧ.

"ಹೋಯ್ತಾ? ಇನ್ನೊಂದ್ಸಲ ಒತ್ಲಾ?"

"ಬ್ಯಾಡ ಅತ್ತೆ, ಸಾಕು!" ಅವಳಿಗೆ ಈಗ ನಗು ತಡೆಯಲಾಗಲಿಲ್ಲ.

"ಬದಲಾಗದ ವಿಳಾಸ ಕೊಡಿ ಅಂತ ಫೋನ್ ಕಂಪನಿಗೆ ಬರೀಬೇಕು ಸಾರ್," ಎಂದಳು. ಸುಬ್ರಮಣಿ ಪರದೆಯನ್ನೊಮ್ಮೆ ನೋಡಿ, "ಅದೂ ನೀನೇ ನೋಡ್ಕೋಮ್ಮ," ಎಂದು ಟೀ ಕುಡಿಯಲು ಹೋದರು.

ಸ್ವಲ್ಪ ಹೊತ್ತಿಗೆ ಅತ್ತೆಯ ಫೋನು ಮತ್ತೆ ಬಂತು. ವ್ಯಾನಿನ ಹಾರ್ನು ಕೇಳಿಸಿತು. ಕೊಂಡಮ್ಮ ಮಾತು ಮುಗಿಸದೆ, ಫೋನನ್ನೂ ಆರಿಸದೆ, ಎಲ್ಲೋ ಇಟ್ಟು ಓಡಿದರು. ಗೋಣಿ ಸರಿದ ಸದ್ದು, ಮುನೀಶನ ದನಿ: "ಇನ್ನೂ ತಣ್ಣಗವೆ ಕಣ್ ದೊಡ್ಡಮ್ಮ."

ಪೆಟ್ಟಿಗೆಗಳು ಒಂದೊಂದಾಗಿ ವ್ಯಾನಿನೊಳಗೆ ಜಾರುವ ಸದ್ದು ನಿಲ್ಲುವವರೆಗೂ ಚಂದ್ರಲೇಖಾ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.