ಐದು ನಿಮಿಷ ಬಿಟ್ಟು ಹಿಡಿದ ನೀರು

ನನ್ನ ತಂಗಿಯ ಗಂಡನಿಗೆ ನಾನು ಇಟ್ಟ ಹೆಸರು ವಿಜ್ಞಾನಿ. ಎದುರಿಗೇ ಹಾಗೆ ಕರೆಯುತ್ತಿದ್ದೆ. ಅವನು ಅದನ್ನು ಹೊಗಳಿಕೆ ಎಂದುಕೊಂಡು ಹಲ್ಲು ಬಿಡುತ್ತಿದ್ದ. ಇಂಥವರನ್ನು ಬೈಯುವುದೂ ದಂಡ. ಕೆಲಸ ಮಾಡುವುದು ಪರದೆ ಬಟ್ಟೆಯ ಅಂಗಡಿಯಲ್ಲಿ. ಗಿರಾಕಿಗಳ ಮನೆಗೆ ಹೋಗಿ ಕಿಟಕಿಯ ಉದ್ದಗಲ ಅಳೆದು, ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರಬೇಕು, ಅಷ್ಟೇ. ಆದರೆ ಅಳೆಯುವ ಚಟವನ್ನು ಅಂಗಡಿಯಲ್ಲೇ ಬಿಟ್ಟು ಬರುವ ಆಸಾಮಿಯಲ್ಲ. ಮಗುವಿನ ಎತ್ತರ, ಬಾಗಿಲಿನ ಸಂದು, ಹಾಲು ಉಕ್ಕಲು ಹಿಡಿಯುವ ನಿಮಿಷ, ಎಲ್ಲವೂ ಆ ನೋಟ್‌ಬುಕ್ಕಿಗೆ ಏರುತ್ತಿದ್ದವು.

ಅಂಥವನ ಕೈಗೆ ಒಂದು ದಿನ ನೀರು ಪರೀಕ್ಷೆಯ ಡಬ್ಬಿ ಸಿಕ್ಕಿತು. ಮಂಗನ ಕೈಗೆ ಮಾಣಿಕ್ಯ. ಒಳಗೆ ಪುಟ್ಟ ಗಾಜಿನ ಕೊಳವೆ, ಕಾಗದದ ಪಟ್ಟಿಗಳು, ಬಣ್ಣಗಳ ಒಂದು ಚಾರ್ಟು. ಪಟ್ಟಿಯನ್ನು ನೀರಿನಲ್ಲಿ ಅದ್ದಿ, ಒಂದು ನಿಮಿಷ ಕಾದು, ಬಂದ ಬಣ್ಣವನ್ನು ಚಾರ್ಟಿನ ಪಕ್ಕ ಹಿಡಿದು ನೋಡುವುದು. ಗಡಸುತನಕ್ಕೊಂದು ಪಟ್ಟಿ, ಕ್ಲೋರಿನ್ನಿಗೊಂದು, ಸೀಸಕ್ಕೊಂದು. ನಾನು ನಗರದ ನೀರು ಸರಬರಾಜು ಕಚೇರಿಯ ಪ್ರಯೋಗಾಲಯದಲ್ಲಿ, ರೋಗಾಣು ವಿಭಾಗದಲ್ಲಿ, ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ನಲವತ್ತು ಬಾಟಲಿ ನೀರು ನೋಡುತ್ತ ಬಂದವಳು. ಒಂದು ದಿನವೂ ಅದನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತವಳಲ್ಲ. ಇವನು ಮೂರು ಪಟ್ಟಿ ಅದ್ದಿ ನನಗೇ ಪಾಠ ಹೇಳಲು ಬರುತ್ತಿದ್ದ.

"ಅಕ್ಕ, ನಿಮ್ಮ ಲ್ಯಾಬಲ್ಲೂ ಹೀಗೇನಾ ನೋಡೋದು?"

"ಇಲ್ಲಪ್ಪ, ನಾವು ನಾಲಿಗೇಲಿ ನೆಕ್ಕಿ ನೋಡ್ತೀವಿ."

ಅದಕ್ಕೂ ನಗುತ್ತಿದ್ದ.

ಸಾಲದ್ದಕ್ಕೆ ಫೋನ್ ಬೇರೆ. ವಾರಕ್ಕೆ ಮೂರು ಸಲ, ಸರಿಯಾಗಿ ನಾನು ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ. "ಅಕ್ಕ, ಒಂದು ಸಣ್ಣ ಪ್ರಶ್ನೆ" ಎಂದು ಶುರು. ಸಣ್ಣ ಪ್ರಶ್ನೆಗೆ ಹತ್ತು ನಿಮಿಷದ ಪೀಠಿಕೆ. ನಾನು ಫೋನನ್ನು ಮೇಜಿನ ಮೇಲಿಟ್ಟು ನಾಲ್ಕು ತುತ್ತು ತಿಂದು, ಮತ್ತೆ ಕಿವಿಗಿಟ್ಟುಕೊಂಡು, ಒಂದು ಉತ್ತರ ಬಿಸಾಕಿ ಇಟ್ಟುಬಿಡುತ್ತಿದ್ದೆ. ಪಕ್ಕದವಳು "ಯಾರೇ ಅದು?" ಎಂದರೆ "ನಮ್ಮನೆ ವಿಜ್ಞಾನಿ ಕಣೆ" ಎನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು.

ಭಾನುವಾರ ತಂಗಿಯ ಮನೆಗೆ ಹೋದರೆ ಅಡುಗೆಮನೆಯಲ್ಲಿ ಇವನ ದರ್ಬಾರು. ಕೈಗೆ ರಬ್ಬರ್ ಗ್ಲೌಸು, ಮೂಗಿನ ಮೇಲೆ ಜಾರುವ ಕನ್ನಡಕ, ಕಿಟಕಿಗೆ ಒರಗಿಸಿಟ್ಟ ಗಡಿಯಾರ. ಡಬ್ಬಿ ತೆರೆದ ಕೂಡಲೇ ನಾನು ಎದ್ದು ಹೊರಕೋಣೆಗೆ ಹೋಗಿ ಟೀವಿ ಹಾಕುತ್ತಿದ್ದೆ. ಒಳಗೆ ನಲ್ಲಿ ಸುರಿಯುವ ಸದ್ದು ಎಷ್ಟೋ ಹೊತ್ತು ಕೇಳುತ್ತಿತ್ತು. ಪಾತ್ರೆ ತೊಳೆಯುತ್ತಿದ್ದಾನೆ, ಅಷ್ಟಾದರೂ ಉಪಯೋಗಕ್ಕೆ ಬಂದನಲ್ಲ ಎಂದುಕೊಳ್ಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಪಟ್ಟಿ ಹಿಡಿದುಕೊಂಡು ಬಂದು, "ಸೀಸ ಸೊನ್ನೆ" ಎಂದು ಘೋಷಿಸುತ್ತಿದ್ದ. ಆ ಸೊನ್ನೆ ನೋಟ್‌ಬುಕ್ಕಿಗೆ ಹೋಗುತ್ತಿತ್ತು. ಹೀಗೆ ಹನ್ನೊಂದು ಭಾನುವಾರ, ಹನ್ನೊಂದು ಸೊನ್ನೆ.

ಈ ನಡುವೆ ಮಗು ಸೊರಗತೊಡಗಿತು. ಪುಟ್ಟಿಗೆ ಆಗ ಒಂದು ವರ್ಷ ಎರಡು ತಿಂಗಳು. ತಾಯಿಹಾಲು ಬಿಟ್ಟು ಪುಡಿಹಾಲಿನ ಬಾಟಲಿ ಹಿಡಿದು ಅರ್ಧ ವರ್ಷವಾಗಿತ್ತು. ನನ್ನನ್ನು ಕಂಡರೆ "ದೊಮ್ಮ" ಎಂದು ಕೈಚಾಚಿಕೊಂಡು ಬರುತ್ತಿದ್ದ ಕೂಸು, ಬರಬರುತ್ತ ಮುಖ ಬಿಳಿಚಿಕೊಂಡು, ಹೊಟ್ಟೆ ಹಿಡಿದು ಅಳುತ್ತ, ಗೋಡೆ ಹಿಡಿದು ನಿಲ್ಲುವುದನ್ನೂ ಬಿಟ್ಟಿತು. ಹಲ್ಲು ಬರುತ್ತಿದೆ ಎಂದರು ಅಕ್ಕಪಕ್ಕದವರು. ರಕ್ತ ಪರೀಕ್ಷೆ ಮಾಡಿಸಿ ನೋಡಿದರೆ ರಕ್ತದಲ್ಲಿ ಸೀಸ.

ಮಕ್ಕಳ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ಎಲ್ಲಿಂದಲೋ ಹೊಟ್ಟೆಗೆ ಹೋಗ್ತಿದೆ. ಎಲ್ಲಿಂದ ಅಂತ ಮೊದಲು ಹುಡುಕಿ ನಿಲ್ಲಿಸಿ. ಈ ವಯಸ್ಸಲ್ಲಿ ಅದು ಸೀದಾ ಮೆದುಳಿಗೆ ಹೋಗುತ್ತೆ. ಒಂದು ಸಲ ಕೆಟ್ಟಿದ್ದು ಆಮೇಲೆ ಸರಿಹೋಗಲ್ಲ. ಮನೆ ನೀರು ನೋಡಿಸಿದ್ದೀರಾ?"

ವಿಜ್ಞಾನಿ ನೋಟ್‌ಬುಕ್ ಬಿಚ್ಚಿ ಹನ್ನೊಂದು ಸೊನ್ನೆ ತೋರಿಸಿದ. ಡಾಕ್ಟರು ನೀರಿನ ಮಾತು ಬಿಟ್ಟು ಸೀಸ ಬೆರೆತ ಹಳೆಯ ಬಣ್ಣದ ಮಾತಿಗೆ ಹೋದರು. ಗಂಡ ಹೆಂಡತಿ ತೊಟ್ಟಿಲ ಬಣ್ಣ ಕೆರೆದರು, ಆಟದ ಸಾಮಾನೆಲ್ಲ ಬಿಸಾಡಿದರು, ಬಾಗಿಲುಗಳಿಗೆ ಕಾಗದ ಅಂಟಿಸಿದರು. ಒಂದು ತಿಂಗಳು ಬಿಟ್ಟು ಮತ್ತೆ ರಕ್ತ ಕೊಟ್ಟರೆ ಸೀಸ ಇನ್ನೂ ಏರಿತ್ತು. ಆ ತಿಂಗಳು ನಾನು ಅತ್ತ ಹೋಗಿರಲಿಲ್ಲ; ನನಗೆ ವಿಷಯ ಹೇಳಿದ್ದು ಆಗ. ತಂಗಿ ಫೋನಿನಲ್ಲಿ ಅತ್ತುಬಿಟ್ಟಳು.

ಶನಿವಾರ ಸಂಜೆ ಬ್ಯಾಗಿನಲ್ಲಿ ನಾಲ್ಕು ಖಾಲಿ ಬಾಟಲಿ ಹಾಕಿಕೊಂಡು ಹೋಗಿ ಅಲ್ಲೇ ಉಳಿದೆ. ಅವನ ಸೊನ್ನೆಗಳನ್ನು ನಂಬಲು ನನಗೇನು ತಲೆ ಕೆಟ್ಟಿತ್ತೇ?

ಬೆಳಗಾಗುತ್ತಲೇ ತಂಗಿ ಎದ್ದು ಅಡುಗೆಮನೆಗೆ ಬಂದಳು. ಹಿಂದೆಯೇ ನಾನು. ಅವಳು ಕೆಟಲ್ ಹಿಡಿದು ನಲ್ಲಿ ತಿರುಗಿಸಹೊರಟಳು.

"ಪುಟ್ಟಿ ಹಾಲಿಗೆ ಈ ನೀರೇನಾ?"

"ಹ್ಞೂಂ. ಎದ್ದ ತಕ್ಷಣ ಹಾಲು ಬೇಕು ಅವಳಿಗೆ. ಇಡೀ ದಿನದ ನೀರನ್ನ ಈಗಲೇ ಕುದಿಸಿ ಫ್ಲಾಸ್ಕಿಗೆ ಹಾಕಿಡ್ತೀನಿ."

ಕುದಿಸಿದರೆ ರೋಗಾಣು ಸಾಯುತ್ತದೆ, ಸೀಸ ಸಾಯುವುದಿಲ್ಲ. ಅವಳನ್ನು ಪಕ್ಕಕ್ಕೆ ಸರಿಸಿ ನಾನು ಬಾಟಲಿ ಹಿಡಿದೆ. ಅಷ್ಟರಲ್ಲಿ ವಿಜ್ಞಾನಿ ಕಣ್ಣುಜ್ಜುತ್ತ ಓಡಿ ಬಂದ.

"ತಡೀರಿ ಅಕ್ಕ, ಹಾಗಲ್ಲ. ಮೊದಲು ಐದು ನಿಮಿಷ ನೀರು ಹರಿಯೋಕೆ ಬಿಡಬೇಕು."

ನಾನು ಬಾಟಲಿ ತುಂಬಿಸಿಕೊಂಡೇ ಅವನ ಮುಖ ನೋಡಿದೆ. "ಪ್ರತಿ ಸಲ ಹಾಗೇ ಮಾಡಿದ್ಯಾ?"

"ಗಡಿಯಾರ ಇಟ್ಟುಕೊಂಡೇ ಮಾಡಿದ್ದೀನಿ. ಒಂದು ಸಲಾನೂ ತಪ್ಪಿಸಿಲ್ಲ."

ಅವನ ಡಬ್ಬಿಯಿಂದಲೇ ಸೀಸದ ಪಟ್ಟಿ ತೆಗೆದು ಬಾಟಲಿಯ ನೀರಿನಲ್ಲಿ ಅದ್ದಿದೆ. ನಿಮಿಷ ತುಂಬುವ ಮೊದಲೇ ಪಟ್ಟಿ ಕಂದಾಗಿ, ಚಾರ್ಟಿನ ಕೊನೆಯ ಬಣ್ಣವನ್ನೂ ದಾಟಿತು. ಆಮೇಲೆ ನಲ್ಲಿಯನ್ನು ಅವನ ಗಡಿಯಾರದ ಪ್ರಕಾರವೇ ಐದು ನಿಮಿಷ ಬಿಟ್ಟು ಇನ್ನೊಂದು ಬಾಟಲಿ ಹಿಡಿದೆ. ಆ ನೀರಿನಲ್ಲಿ ಪಟ್ಟಿ ಬೆಳ್ಳಗೇ ಉಳಿಯಿತು. ಅವನ ಹನ್ನೆರಡನೆಯ ಸೊನ್ನೆ.

ಬಗ್ಗಿ ಸಿಂಕಿನ ಕೆಳಗೆ ನೋಡಿದೆ. ಪೈಪಿಗೆ ಬಿಳಿ ಪೇಂಟು. ಈ ಹಳೆಯ ಮನೆಗೆ ಬಂದಾಗ ಚೆಂದ ಕಾಣಲಿ ಎಂದು ಇವನೇ ಬಳಿದದ್ದು. ಬೀಗದ ಕೈಯಿಂದ ಕೆರೆದರೆ ಪೇಂಟಿನ ಅಡಿಯಲ್ಲಿ ಬೂದು ಲೋಹ, ಬೆಣ್ಣೆಯ ಹಾಗೆ ಮೆತ್ತಗೆ, ಕೆರೆದಲ್ಲಿ ಫಳಫಳ. ಸೀಸದ ಪೈಪು.

ನನ್ನ ನಾಲಿಗೆಗೆ ಆಗ ಲಗಾಮು ಇರಲಿಲ್ಲ.

"ರಾತ್ರಿಯೆಲ್ಲ ಈ ಪೈಪಲ್ಲಿ ನಿಂತ ನೀರಿಗೆ ಸೀಸ ಇಳಿದಿರುತ್ತೆ. ಬೆಳಗಿನ ಮೊದಲ ನೀರು ಅದೇ. ಅದನ್ನ ಮಗು ಕುಡೀತು. ನೀನು ಅದನ್ನೆಲ್ಲ ಮೋರಿಗೆ ಬಿಟ್ಟು, ಹಿಂದಿನಿಂದ ಬಂದ ಒಳ್ಳೆ ನೀರು ಹಿಡಿದು ಸೊನ್ನೆ ಬರೆದುಕೊಂಡೆ. ಮುಖ ತೊಳೆಸಿ ಕೊಳೆ ಹುಡುಕಿದ ಹಾಗಾಯ್ತು. ಸುಮ್ನೆ ಕೂತಿದ್ರೆ ಡಾಕ್ಟರು ಮೊದಲ ದಿನವೇ ನೀರು ನೋಡ್ಸಿರೋರು. ಒಂದು ತಿಂಗಳು ಕಳೆದೆ ನೀನು, ನಿನ್ನ ನೋಟ್‌ಬುಕ್ ಇಟ್ಟುಕೊಂಡು. ಯಾವ ಕತ್ತೆ ಹೇಳಿತು ನಿನಗೆ, ಐದು ನಿಮಿಷ ಬಿಡು ಅಂತ?"

ತಂಗಿ ಅಳುವ ಮಗುವನ್ನು ಎತ್ತಿಕೊಂಡು ಬರಲು ಒಳಗೆ ಹೋದಳು. ಅವನು ಫ್ರಿಜ್ಜಿನ ಮೇಲಿದ್ದ ನೋಟ್‌ಬುಕ್ ತೆಗೆದು, ಮೊದಲ ಪರೀಕ್ಷೆಗೂ ಹಿಂದಿನ ಪುಟ ಬಿಚ್ಚಿ ನನ್ನ ಮುಂದೆ ಹಿಡಿದ. ತಾರೀಖು ಇತ್ತು, ಮಧ್ಯಾಹ್ನ ಒಂದೂ ಹತ್ತು ಎಂದಿತ್ತು. ಕೆಳಗೆ ಅವನ ದುಂಡು ಅಕ್ಷರ:

"ಪ್ರಶ್ನೆ: ಪುಟ್ಟಿಯ ಹಾಲಿನ ನೀರಿನಲ್ಲಿ ಸೀಸ ಇದೆಯೇ ನೋಡಬೇಕು. ನೀರು ಹಿಡಿಯುವುದು ಹೇಗೆ? ಅಕ್ಕ: ನಲ್ಲಿ ಐದು ನಿಮಿಷ ಬಿಟ್ಟು ಹಿಡಿ. ಅಕ್ಕ ಊಟ ಮಾಡುತ್ತಿದ್ದರು, ಹೆಚ್ಚು ಕೇಳಲಿಲ್ಲ."

ನಾನು ಹೇಳಿದ ಮಾತಿನ ಕೆಳಗೆ ಸ್ಕೇಲಿಟ್ಟು ಗೆರೆ ಎಳೆದಿದ್ದ.

ರೋಗಾಣು ಪರೀಕ್ಷೆಗೆ ನೀರು ಹಿಡಿಯುವುದು ಹಾಗೇ. ಇಪ್ಪತ್ತೆರಡು ವರ್ಷ ನಾನು ಹಿಡಿದದ್ದೂ ಹಾಗೇ. ಸೀಸ ಎಂಬ ಮಾತು ಅವನ ಬಾಯಿಂದ ಬಂದಾಗ ನನ್ನ ಫೋನು ಊಟದ ಡಬ್ಬಿಯ ಪಕ್ಕ ಮಲಗಿತ್ತು. ಕಿವಿಗಿಟ್ಟುಕೊಂಡಾಗ ಕೇಳಿದ್ದು ಪ್ರಶ್ನೆಯ ಬಾಲ ಮಾತ್ರ. ಆ ಪುಟ ನೋಡುತ್ತ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅವನ ಮುಖದಲ್ಲಿ ಸಿಟ್ಟು ಹುಡುಕಿದೆ. ಇರಲಿಲ್ಲ. ನಾನು ಇನ್ನೇನಾದರೂ ವಿವರಿಸುತ್ತೇನೆ, ಲೆಕ್ಕ ಎಲ್ಲಿ ತಪ್ಪಿತು ಎಂದು ಹೇಳಿಕೊಡುತ್ತೇನೆ ಎಂಬಂತೆ ಕಾಯುತ್ತಿದ್ದ.

ತಂಗಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಿಗೆ ಬಂದಳು. ಪುಟ್ಟಿ ನನ್ನನ್ನು ನೋಡಿತು, ಕೈಚಾಚಲಿಲ್ಲ.

"ಅಕ್ಕ ಕೇಳ್ತಿದ್ದಾಳಲ್ಲ, ಹೇಳ್ರಿ. ಯಾರು ಹೇಳಿಕೊಟ್ರು ನಿಮಗೆ?"

ಅವನು ಒಮ್ಮೆ ನನ್ನ ಕಡೆ ನೋಡಿದ. ನೋಟ್‌ಬುಕ್ ಮಡಚಿ ಕಂಕುಳಲ್ಲಿ ಇಟ್ಟುಕೊಂಡ.

"ಎಲ್ಲೋ ಓದಿದ್ದೆ."

"ಓದಿದ್ರಂತೆ" ಎಂದಳು ತಂಗಿ. "ನೀರಿನ ಕೆಲಸದಲ್ಲೇ ತಲೆ ನರೆಸಿಕೊಂಡೋಳು ನಮ್ಮಕ್ಕ. ಅವಳನ್ನ ಒಂದು ಮಾತು ಕೇಳೋಕೆ ನಿಮಗೇನು ರೋಗ ಬಂದಿತ್ತು?"

"ತಪ್ಪಾಯ್ತು" ಎಂದ ಅವನು.

ನಾನು ಕೈಯಲ್ಲಿದ್ದ ಬಾಟಲಿಯ ಮುಚ್ಚಳ ತಿರುಗಿಸುತ್ತ ನಿಂತೆ. ಅದು ಆಗಲೇ ಬಿಗಿಯಾಗಿತ್ತು.