ಕಿರೀಟವಿಲ್ಲದೆ ಇಳಿದ ಮಂದೆ

ನನ್ನ ಜೊತೆ ಹಳ್ಳಿ ನೋಡಲು ಬರುವ ಹೊರದೇಶದವರಿಗೆ ಬಸ್ಸಿನಲ್ಲೇ ನಾಲ್ಕು ಮಾತು ಹೇಳಿಬಿಡುತ್ತೇನೆ. ಬೇಲಿಯ ಗೇಟು ತೆರೆದರೆ ಮುಚ್ಚಿ ಬನ್ನಿ. ಎದುರು ಸಿಕ್ಕವರಿಗೆಲ್ಲ, ಗುರುತಿರಲಿ ಇಲ್ಲದಿರಲಿ, ನಮಸ್ಕಾರಕ್ಕೆ ‘ಗ್ರ್ಯೂಸ್ ಗಾಟ್’ ಅನ್ನಿ; ಅನ್ನದವರನ್ನು ಈ ಜನ ಸಾಯುವವರೆಗೂ ಮರೆಯುವುದಿಲ್ಲ. ಕರು ಮುದ್ದಾಗಿದೆ ಅಂತ ಮುಟ್ಟಲು ಹೋಗಬೇಡಿ, ನಿಮ್ಮ ಮುದ್ದು ಅದರ ತಾಯಿಗೆ ಅರ್ಥವಾಗುವುದಿಲ್ಲ. ಭಾನುವಾರ ಗದ್ದಲ ಮಾಡಬೇಡಿ. ಇಷ್ಟು ಪಾಲಿಸಿದರೆ ದಕ್ಷಿಣ ಜರ್ಮನಿಯ ಯಾವ ಹಳ್ಳಿಯಲ್ಲೂ ಕೂರಲು ಬೆಂಚು, ಕುಡಿಯಲು ಬಿಯರ್ ಸಿಗುತ್ತದೆ. ನಾನೂ ಹೊರಗಿನವಳೇ. ಪೋರ್ಚುಗಲ್‌ನಿಂದ ಹೋಟೆಲಿನ ಪಾತ್ರೆ ತೊಳೆಯಲು ಬಂದವಳು, ಇದನ್ನೆಲ್ಲ ಬೈಸಿಕೊಂಡೇ ಕಲಿತೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ದನಗಾಹಿ ಗೆಬ್‌ಹಾರ್ಟ್‌ನನ್ನು ಮದುವೆಯಾಗಿ, ಆಲ್ಗಾಯ್ ಬೆಟ್ಟದ ಬುಡದ ಈ ಹಿಂಟರ್‌ಮೂಸ್‌ನವಳೇ ಆಗಿಬಿಟ್ಟೆ.

ಆ ಸೆಪ್ಟೆಂಬರಿನ ಶನಿವಾರ ಪಟ್ಟಣದ ಆಫೀಸುಗಳಿಂದ ಆರು ಜನ ಬಂದಿದ್ದರು. ಮಾತೆಲ್ಲ ಇಬ್ಬರದೇ. ಒಬ್ಬ ದಾವಿದೆ, ಇಟಲಿಯವನು, ಕುತ್ತಿಗೆಯಲ್ಲಿ ದೊಡ್ಡ ಕ್ಯಾಮೆರಾ. ಇನ್ನೊಬ್ಬಳು ಬೋಟ್ಸ್ವಾನಾದ ಇಟುಮೆಲೆಂಗ್, ಸೇತುವೆ ಕಟ್ಟುವ ಎಂಜಿನಿಯರು. ಅವಳು ನನ್ನನ್ನು ‘ಮ್ಮಾ’ ಎಂದು ಕರೆಯುತ್ತಿದ್ದಳು. ಹಿರಿಯ ಹೆಂಗಸನ್ನು ಬರೀ ಹೆಸರಿನಿಂದ ಕೂಗಿದರೆ ತನ್ನ ಊರಿನಲ್ಲಿ ಕಪಾಳಕ್ಕೆ ಬೀಳುತ್ತದೆ ಅಂದಳು. ನನಗೆ ಹಿಡಿಸಿತು.

ಬಸ್ಸಿನಲ್ಲಿ ಅವರಿಗೆ ದನ ಇಳಿಸುವ ಹಬ್ಬದ ವಿಷಯ ಹೇಳಿದೆ. ಬೇಸಿಗೆ ಶುರುವಾದಾಗ ಊರಿನ ಕಡಸುಗಳನ್ನೆಲ್ಲ ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೊಡೆಯುತ್ತಾರೆ. ಇಬ್ಬರು ದನಗಾಹಿಗಳು ಅವುಗಳ ಜೊತೆ ಅಲ್ಲೇ ಉಳಿಯುತ್ತಾರೆ. ನನ್ನ ಗಂಡ ಹಿರಿಯವನು, ಪಕ್ಕದ ಮನೆಯ ಒಟ್ಮಾರ್ ಕಿರಿಯವನು. ಸೆಪ್ಟೆಂಬರಿನಲ್ಲಿ ಇಳಿಸಿ ತರುವಾಗ, ಮೇಲೆ ಮನುಷ್ಯರಿಗಾಗಲಿ ದನಕ್ಕಾಗಲಿ ಏನೂ ಕೆಡುಕಾಗಿರದಿದ್ದರೆ, ಮುಂದಿನ ಕಡಸಿನ ತಲೆಗೆ ಹೂವು, ಫರ್ ಮರದ ಸೊಪ್ಪು, ಕನ್ನಡಿ ಸೇರಿಸಿ ಕಟ್ಟಿದ ಕಿರೀಟ ಇಡುತ್ತಾರೆ.

“ಏನಾದ್ರೂ ಆಗಿದ್ರೆ?” ಎಂದ ದಾವಿದೆ.

“ಕಿರೀಟ ಇರಲ್ಲ.”

“ಅಯ್ಯೋ, ಹಂಗಾದ್ರೆ ನನ್ನ ಫೋಟೋ ಗತಿ?”

“ನಿನ್ನ ಫೋಟೋ ಚಿಂತೆ ಬಿಡಪ್ಪ. ಈ ಸಲ ಕಿರೀಟ ಇದೆ.”

ಅಷ್ಟು ಧೈರ್ಯವಾಗಿ ಹೇಳಲು ಕಾರಣವಿತ್ತು. ಬುಧವಾರ ಗೆಬ್‌ಹಾರ್ಟ್ ಫೋನು ಮಾಡಿದ್ದ. ಮೇಲೆ ಒಂದೇ ಒಂದು ಬಂಡೆಯ ಮೇಲೆ ನಿಂತರೆ ಫೋನು ಸಿಗುತ್ತದೆ, ಅದೂ ಆಕಾಶ ತಿಳಿಯಾಗಿದ್ದರೆ. “ಕಿರೀಟ ಮುಗೀತು ಕಣೇ ಗ್ರಾಸಾ,” ಅಂದಿದ್ದ. “ಒಟ್ಮಾರ್ ಹೂ ಕಟ್ಟಿದ್ದಾನೆ. ನಿಮ್ಮಜ್ಜಿ ಚರ್ಚಿಗೆ ಹಾಕ್ಕೊಂಡು ಹೋಗೋ ಟೋಪಿ ಥರಾನೇ ಇದೆ.” ಹಿಂದಿನಿಂದ ಒಟ್ಮಾರ್ ನಗುವುದೂ ಕೇಳಿಸಿತ್ತು. ಮರುದಿನದಿಂದ ಬೆಟ್ಟಕ್ಕೆ ಮಂಜು ಕವಿಯಿತು, ಫೋನು ಹೋಯಿತು. ಅದು ಪ್ರತಿ ವರ್ಷ ಆಗುವುದೇ.

ಊರಿನ ಮೈದಾನದಲ್ಲಿ ವಾದ್ಯದವರು ಆಗಲೇ ಊದುತ್ತಿದ್ದರು. ಸಾಸೇಜು ಸುಡುವ ಹೊಗೆ, ಬಿಯರಿನ ಮೇಜು, ಇಸ್ತ್ರಿ ಮಾಡಿದ ಹಬ್ಬದ ಬಟ್ಟೆ. ರಸ್ತೆಯಂಚಿನ ಬೇಲಿಯ ಬಳಿ ಒಟ್ಮಾರ್‌ನ ಹೆಂಡತಿ ನೊಟ್‌ಬುರ್ಗಾ ನನಗೆ ಜಾಗ ಹಿಡಿದಿಟ್ಟಿದ್ದಳು. ನಾವಿಬ್ಬರೂ ಅಂಥ ಜೀವದ ಗೆಳತಿಯರೇನಲ್ಲ. ಅವಳ ಕೋಳಿಗಳು ನನ್ನ ಹುರುಳಿಕಾಯಿ ಪಾತಿ ಕೆದರುತ್ತವೆ, ನಾನು ಬೈಯುತ್ತೇನೆ, ಅವಳು ಮೊಟ್ಟೆ ತಂದುಕೊಡುತ್ತಾಳೆ. ಆದರೆ ಬೇಸಿಗೆಯಿಡೀ ಇಬ್ಬರ ಮನೆಯಲ್ಲೂ ಗಂಡಸಿಲ್ಲ. ಹಾಗಾಗಿ ದನ ಇಳಿಯುವ ದಿನ ಒಟ್ಟಿಗೇ ನಿಲ್ಲುತ್ತೇವೆ.

“ಒಂದು ಬೇಸಿಗೆಯ ಕೊಳೆ ಬಟ್ಟೆ ಬರ್ತಾ ಇದೆ,” ಅಂದಳು. “ಅದರ ಜೊತೆ ಗಂಡನೂ.”

“ಗಂಡನ್ನೂ ಒಟ್ಟಿಗೇ ನೆನೆಹಾಕು.”

“ಹಾಕ್ದೆ ಬಿಡ್ತೀನಾ? ಮನೆ ಒಳಗೆ ಬರೋಕ್ ಮುಂಚೇನೇ.”

ಆಗ ಗಂಟೆ ಕೇಳಿಸಿತು. ರಸ್ತೆಯ ಮೇಲಿನ ತಿರುವು ಮಂಜಿನಲ್ಲಿ ಮುಚ್ಚಿಹೋಗಿತ್ತು. ಜನ ಬೇಲಿಗೆ ಒತ್ತಿಕೊಂಡರು, ಮಕ್ಕಳನ್ನು ಹೆಗಲಿಗೇರಿಸಿದರು. ಮಂಜಿನಿಂದ ಮೊದಲು ಹೊರಬಂದದ್ದು ಮುಂದಿನ ಕಂದು ಕಡಸು. ಅದರ ತಲೆ ಬರಿದಾಗಿತ್ತು.

ವಾದ್ಯ ನಿಂತಿತು. ಕಣ್ಣು ಮುಚ್ಚಿ ಊದುತ್ತಿದ್ದ ಒಬ್ಬನ ತುತ್ತೂರಿ ಮಾತ್ರ ಇನ್ನೂ ಸ್ವಲ್ಪ ಹೊತ್ತು ಮುಂದುವರಿಯಿತು. ಯಾರೋ ಅವನ ತೋಳು ಹಿಡಿದರು. ಅಷ್ಟರಲ್ಲಿ ದಾವಿದೆ “ಬಂತು, ಬಂತು!” ಎಂದು ಚಪ್ಪಾಳೆ ಹೊಡೆಯತೊಡಗಿದ. ಇಟುಮೆಲೆಂಗ್ ಅವನ ಎರಡೂ ಕೈಗಳನ್ನು ಹಿಡಿದು ಕೆಳಗಿಳಿಸಿದಳು.

“ಸುಮ್ನಿರೋ. ತಲೆ ನೋಡು.”

ಕಡಸೇ ಇರಬೇಕು ಅಂದುಕೊಂಡೆ. ಯಾವುದೋ ಒಂದು ಕಡಸು ಜಾರಿ ಬಿದ್ದು ಸತ್ತಿರಬೇಕು. ಒಂದು ದನ ಸತ್ತರೂ ಕಿರೀಟ ಇಡುವುದಿಲ್ಲವಲ್ಲ. ದೇವರೇ, ಒಂದು ಕಡಸು ಸತ್ತಿರಲಿ, ಬೇಕಾದರೆ ನಮ್ಮದೇ ಸತ್ತಿರಲಿ. ನೊಟ್‌ಬುರ್ಗಾ ನನ್ನ ಕೈ ಹಿಡಿದುಕೊಂಡಳೋ, ನಾನೇ ಅವಳದ್ದು ಹಿಡಿದೆನೋ, ಗೊತ್ತಿಲ್ಲ.

ಮುಂದಿನ ಕಡಸು ನಮ್ಮೆದುರು ಹಾದುಹೋಯಿತು. ಅದರ ಹಣೆಯ ಕೂದಲಲ್ಲಿ ಫರ್ ಮರದ ಹಸಿರು ಎಲೆಗಳು ಸಿಕ್ಕಿಕೊಂಡಿದ್ದವು. ಒಂದು ಕೋಡಿನ ಬುಡದಲ್ಲಿ ಕತ್ತರಿಸಿದ ದಾರದ ತುಂಡು ನೇತಾಡುತ್ತಿತ್ತು.

“ಕಟ್ಟಿದ್ರು,” ಅಂದಳು ನೊಟ್‌ಬುರ್ಗಾ.

ನಾನು ಆ ದಾರವನ್ನೇ ನೋಡುತ್ತಿದ್ದೆ.

“ಬೆಳಗ್ಗೆ ಕಟ್ಟಿದ್ರು ಗ್ರಾಸಾ. ದಾರೀಲಿ ಬಿಚ್ಚಿದ್ದಾರೆ.”

ಹಾಗಾದರೆ ಆದದ್ದು ಇವತ್ತೇ. ಇಳಿಯುವ ದಾರಿಯಲ್ಲೇ. ಆ ದಾರಿ ನನಗೆ ಗೊತ್ತು. ಕೊರಕಲಿನ ಅಂಚಿನಲ್ಲಿ ಇಬ್ಬರು ಅಕ್ಕಪಕ್ಕ ನಡೆಯಲಾಗುವುದಿಲ್ಲ, ಅಲ್ಲಿ ಮಂದೆಯನ್ನು ನಿಲ್ಲಿಸುವುದಂತೂ ಆಗದ ಮಾತು. ಏನೇ ಆದರೂ ದನಗಳನ್ನು ಕೆಳಗೆ ತರಲೇಬೇಕು.

ದನ ಹೊಡೆಯಲು ಹಿಂದಿನ ದಿನ ಊರಿನ ಹುಡುಗರು ಮೇಲೆ ಹೋಗಿದ್ದರು. ಅವರು ಒಬ್ಬೊಬ್ಬರಾಗಿ ಮಂಜಿನಿಂದ ಹೊರಬಂದರು, ಟೋಪಿ ಕೈಯಲ್ಲಿ, ಕಣ್ಣು ನೆಲದಲ್ಲಿ. ಒಬ್ಬೊಬ್ಬ ಕಾಣಿಸಿದಾಗಲೂ ಬೇಲಿಯುದ್ದಕ್ಕೆ ಎಲ್ಲೋ ಒಬ್ಬ ತಾಯಿ ಉಸಿರು ಬಿಡುವುದು ಕೇಳುತ್ತಿತ್ತು. ಕೊನೆಗೆ ಉಸಿರು ಬಿಗಿಹಿಡಿದು ನಿಂತವರು ನಾವಿಬ್ಬರೇ. ಜನರಿಗೂ ಅದು ತಿಳಿಯಿತು. ನಮ್ಮ ಅಕ್ಕಪಕ್ಕದವರು ಮೆಲ್ಲಗೆ ಒಂದಿಷ್ಟು ದೂರ ಸರಿದರು. ಆ ಸರಿದದ್ದೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

ಬೇಕರಿಯವರ ಮಗ ಯಾನಿಕ್ ಹತ್ತಿರ ಬಂದಾಗ ಬೇಲಿಯ ಮೇಲಿಂದ ಬಗ್ಗಿ ಅವನ ಅಂಗಿ ಹಿಡಿದೆ.

“ಏನಾಯ್ತೋ? ಹೇಳೋ!”

“ನಾನು ಹೇಳೋ ಹಾಗಿಲ್ಲ ಗ್ರಾಸಾ ಆಂಟಿ. ನಿಮಗೇ ಗೊತ್ತಲ್ಲ.”

“ನಿಮ್ಮ ಪದ್ಧತಿಗೆ ಬೆಂಕಿ ಬೀಳ! ಯಾರು ಅಂತ ಹೇಳು ಸಾಕು.”

ಅವನು ತಲೆಯಲ್ಲಾಡಿಸಿದ. ಅಂಗಿ ಬಿಡಿಸಿಕೊಂಡು ಕಡಸುಗಳ ಹಿಂದೆ ಹೋದ.

ನನಗೆ ಗೊತ್ತಿತ್ತು. ಬೆಟ್ಟದಿಂದ ಬರುವ ಸಾವಿನ ಸುದ್ದಿಯನ್ನು ಇಲ್ಲಿ ದನಗಾಹಿಯೇ ತನ್ನ ಬಾಯಿಂದ ಹೇಳಬೇಕು, ಅದೂ ದನ ಒಪ್ಪಿಸುವಾಗ. ಇಬ್ಬರಲ್ಲಿ ಉಳಿದವನು ಮಂದೆಯ ತೀರ ಹಿಂದೆ ನಡೆದು ಬರುತ್ತಾನೆ. ಎಂಥ ಗಂಭೀರವಾದ ಪದ್ಧತಿ, ಎಂಥ ಮರ್ಯಾದೆ ಅಂತ ಬಸ್ಸುಗಟ್ಟಲೆ ಜನರ ಮುಂದೆ ಇದನ್ನು ಹೊಗಳಿ ಹೊಟ್ಟೆ ಹೊರೆದವಳು ನಾನು. ಈಗ ಒಂದೊಂದು ಕಡಸು ಹಾದುಹೋಗುವಾಗಲೂ, ಇದನ್ನು ಕಟ್ಟಿದ ಹಿರಿಯರನ್ನು ಒಬ್ಬೊಬ್ಬರಾಗಿ ಗೋರಿಯಿಂದ ಎಬ್ಬಿಸಿ ಬಡಿಯಬೇಕು ಅನ್ನಿಸುತ್ತಿತ್ತು.

ಗೆಬ್‌ಹಾರ್ಟ್ ಬರಲಿ ಎಂದು ಬೇಡಿಕೊಳ್ಳಲು ಹೊರಟರೆ ಪ್ರಾರ್ಥನೆ ಅರ್ಧಕ್ಕೇ ನಿಲ್ಲುತ್ತಿತ್ತು. ಆ ಬೇಡಿಕೆಯ ಅರ್ಥವೇನೆಂದು ನನಗೂ ಗೊತ್ತಿತ್ತು, ನನ್ನ ಕೈ ಹಿಡಿದು ನಿಂತವಳಿಗೂ ಗೊತ್ತಿತ್ತು. ಅವಳ ತುಟಿಯೂ ಅಲ್ಲಾಡುತ್ತಿತ್ತು. ಒಬ್ಬರನ್ನೊಬ್ಬರು ನೋಡಿಕೊಳ್ಳಲಿಲ್ಲ. ಅವಳ ಉಗುರು ನನ್ನ ಅಂಗೈಗೆ ನಾಟಿತ್ತು, ನನ್ನದು ಅವಳದ್ದಕ್ಕೆ.

“ಮ್ಮಾ, ನಾನು ನಿಮ್ಮ ಹಿಂದೇನೇ ಇದೀನಿ,” ಎಂದಳು ಇಟುಮೆಲೆಂಗ್. ಅವಳ ಅಂಗೈ ನನ್ನ ಬೆನ್ನ ಮೇಲಿತ್ತು.

ಕೊನೆಯ ಕಡಸುಗಳು ಬಂದವು. ಅವುಗಳ ಹಿಂದೆ ಬರೀ ಮಂಜು. ಆಮೇಲೆ ಅದರೊಳಗೆ ಒಂದು ಆಕಾರ ಕಾಣಿಸಿತು, ಹಸಿರು ಟೋಪಿ, ಉದ್ದನೆಯ ಕೋಲು. ಇಬ್ಬರದೂ ಅದೇ ಟೋಪಿ, ಅದೇ ಕೋಲು. ಮುಖ ಕಾಣುತ್ತಿರಲಿಲ್ಲ. ಆ ಆಕಾರ ಇನ್ನೆರಡು ಹೆಜ್ಜೆ ಮುಂದಿಟ್ಟಿತು, ಎಡಗಾಲನ್ನು ಸ್ವಲ್ಪ ಎಳೆದು.

ಗೆಬ್‌ಹಾರ್ಟ್‌ಗೆ ಎಡಗಾಲು ಕುಂಟು.

ನನ್ನ ಬಾಯಿಂದ ಒಂದು ಸದ್ದು ಹೊರಟಿತು. ಅಳುವಲ್ಲ. ಆ ಮೌನದಲ್ಲಿ, ಅಷ್ಟು ಜನರ ಮಧ್ಯೆ, ನಾನು ನಕ್ಕಿದ್ದೆ. ಯಾವಾಗ ಕೈ ಬಿಡಿಸಿಕೊಂಡೆನೋ, ಬೇಲಿ ಹೇಗೆ ದಾಟಿದೆನೋ, ರಸ್ತೆಯ ಮಧ್ಯದಲ್ಲಿದ್ದೆ. “ಗೆಬ್‌ಹಾರ್ಟ್!” ಎಂದು ಕೂಗುತ್ತ ಅವನ ಕಡೆ ಓಡಿದೆ. ಅವನು ನನ್ನನ್ನು ನೋಡಿದ. ನೋಡಿ, ನನ್ನ ಪಕ್ಕದಿಂದ ಹಾದುಹೋದ. ಮೊಣಕಾಲವರೆಗೆ ಕೆಸರು, ಎರಡೂ ಅಂಗೈ ತರಚಿ ರಕ್ತ ಹೆಪ್ಪುಗಟ್ಟಿತ್ತು.

ಬೇಲಿಯ ಬಳಿ ನಿಂತು ಟೋಪಿ ತೆಗೆದ.

ನೊಟ್‌ಬುರ್ಗಾ ನಾನು ಬಿಟ್ಟುಹೋದ ಜಾಗದಲ್ಲೇ ನಿಂತಿದ್ದಳು. ಅವಳ ಕೈ ಇನ್ನೂ ಮುಂದೆ ಚಾಚಿಕೊಂಡೇ ಇತ್ತು.

“ನಿನ್ನ ಮೂರೂ ಕಡಸು ಬಂದಿವೆ ನೊಟ್‌ಬುರ್ಗಾ,” ಅಂದ. ಒಪ್ಪಿಸುವಾಗ ಮೊದಲು ದನದ ಮಾತೇ ಆಡಬೇಕು. ಆಡಿದ. ಆಮೇಲೆ ಕೋಲನ್ನು ಬೇಲಿಗೆ ಒರಗಿಸಿದ.

“ಹೇಳು,” ಅಂದಳು ಅವಳು.

“ಕೊರಕಲಿನ ಹತ್ರ ಮಂಜು ಇತ್ತು. ಒಂದು ಕಡಸು ದಾರಿ ಬಿಟ್ಟು ಕೆಳಗಿಳೀತು. ಅವನು ಅದರ ಹಿಂದೆ ಇಳಿದ. ಬೇಡ ಕಣೋ ಅಂದೆ ನಾನು. ಕೇಳಲಿಲ್ಲ. ಅದನ್ನ ಮೇಲಕ್ಕೆ ನೂಕಿದ, ಅದು ಹತ್ತಿ ಬಂತು. ಅವನ ಕಾಲ ಕೆಳಗಿನ ಕಲ್ಲು ಹೋಯ್ತು.” ಟೋಪಿಯನ್ನು ಎದೆಗೆ ಒತ್ತಿಕೊಂಡ. “ನಾನು ಕೆಳಗಿಳಿದು ಅವನ ಹತ್ರ ಹೋಗೋ ಹೊತ್ತಿಗೆ ಉಸಿರು ಇರಲಿಲ್ಲ. ಒಬ್ಬನೇ ಇಲ್ಲ ಅವನು. ಕೂಗು ಕೇಳಿ ಬಂದ ಕಾಡಿನ ಗಾರ್ಡು ಹತ್ರಾನೇ ಕೂತಿದ್ದಾನೆ.”

ಅವಳು ಅಳಲಿಲ್ಲ. ಹಾದುಹೋದ ಮಂದೆಯ ಕಡೆ ನೋಡುತ್ತಿದ್ದಳು.

“ಯಾರ ಕಡಸು?”

ಗೆಬ್‌ಹಾರ್ಟ್ ತಲೆ ತಗ್ಗಿಸಿದ. ಅವನು ಹೇಳುವ ಮೊದಲೇ ನನಗೆ ತಿಳಿದುಹೋಯಿತು. ಹೇಳದಿರಲಿ ಎಂದು ಬೇಡಿಕೊಂಡೆ. ಆ ದಿನ ನಾನು ಬೇಡಿಕೊಂಡದ್ದೆಲ್ಲಕ್ಕಿಂತ ಗಟ್ಟಿಯಾಗಿ ಅದನ್ನೇ ಬೇಡಿಕೊಂಡೆ.

“ನಮ್ಮದು,” ಅಂದ.

ದನ ಒಪ್ಪಿಸಿಕೊಂಡವರು ದನಗಾಹಿಗೆ ಕೈ ಕೊಡಬೇಕು. ನೊಟ್‌ಬುರ್ಗಾ ಅವನ ತರಚಿದ ಕೈ ಹಿಡಿದು ಒಂದು ಸಲ ಕುಲುಕಿದಳು. ಆಮೇಲೆ ರಸ್ತೆಯ ಮಧ್ಯದಲ್ಲಿ ನಿಂತಿದ್ದ ನನ್ನ ಕಡೆ ನೋಡಿದಳು.

“ಹೋಗು ಗೆಬ್‌ಹಾರ್ಟ್,” ಅಂದಳು. “ನಿನ್ನ ಹೆಂಡ್ತಿ ತುಂಬಾ ಹೆದರಿಬಿಟ್ಟಿದ್ಲು.”