ದೀಪ ಕೆಟ್ಟಿಲ್ಲ

ಹಲ್ಲಿನ ಗುರುತು, ಪೆನ್ನಿನ ಹಿಂಬದಿಯಲ್ಲಿ, ಮೇಲೆ ಮೂರು ಕೆಳಗೆ ಎರಡು, ಚಿತ್ರಮಂದಿರದ ಮ್ಯಾನೇಜರು ನಿನ್ನೆಯಿಂದ ಇದನ್ನೇ ಜಗಿಯುತ್ತಿರಬೇಕು, ಪಾಪ, ಬೇರೇನೂ ತಿಂದ ಹಾಗೆ ಕಾಣಲಿಲ್ಲ — ಅದನ್ನು ಅವಳ ಕೈಗೆ ತುರುಕಿ ಕೆಳಗಿಳಿದು ಹೋಗಿ ಐದು ನಿಮಿಷವಾಯಿತು, ತುದಿ ಇನ್ನೂ ಒದ್ದೆ, ಥೂ, ಲೆನ್ಸಿನ ಬಟ್ಟೆಗೇ ಒರೆಸಿಬಿಟ್ಟಳು, ಇಪ್ಪತ್ತಾರು ವರ್ಷದಲ್ಲಿ ಆ ಬಟ್ಟೆಗೆ ಎಂಜಲು ತಾಗಿದ್ದು ಇದೇ ಮೊದಲು, ಒಗೆಯಬೇಕು, ಎರಡು ನೀರಿನಲ್ಲಿ. ಮುಂದೆ ದೋಷಪುಸ್ತಕ ಬಾಯಿ ತೆರೆದು ಮಲಗಿದೆ, ಪ್ರೊಜೆಕ್ಟರ್ ಯಂತ್ರಕ್ಕೆ ಶೀತ ಬಂದರೂ ಕೆಮ್ಮು ಬಂದರೂ ಬರೆದಿಡುವ ಪುಸ್ತಕ, ದಿನಾಂಕ, ಪರದೆ, ದೋಷ, ಕೊನೆಗೆ ಆಪರೇಟರ್ ಸಹಿ, ಮ್ಯಾನೇಜರು ತಮ್ಮ ಕೈಯಾರೆ ತುಂಬಿಟ್ಟಿದ್ದಾರೆ — ಪರದೆ ಎರಡು, ದೀಪ ಕೆಟ್ಟಿದೆ, ಹನ್ನೊಂದರ ಪ್ರದರ್ಶನ ರದ್ದು — ಮಿಕ್ಕಿದ್ದು ಸಹಿಯ ಮನೆಯೊಂದೇ. ಒಂದು ಗೆರೆ ಎಳೆದ್ರೆ ಮುಗೀತು ಅಕ್ಕಾ, ಎಂದಿದ್ದರು. ಅಕ್ಕ! ಕಂಪನಿಯವರು ಎದುರಿಗಿದ್ದರೆ ಮೇಡಂ, ಏನಾದರೂ ಕೆಟ್ಟರೆ ಅಕ್ಕ, ಇನ್ನೂ ಕೆಟ್ಟರೆ ಅಮ್ಮ ಆಗುತ್ತಾಳೋ ಏನೋ. ದೀಪ ಕೆಟ್ಟಿದೆಯಂತೆ. ಮೊನ್ನೆ, ಮೊನ್ನೆಯಷ್ಟೇ ಹಳೆಯದನ್ನು ತೆಗೆದು ಹೊಸದು ಕೂರಿಸಿದ್ದಾಳೆ, ಮುಖಕ್ಕೆ ಕವಚ, ಮೊಣಕೈವರೆಗೆ ಗವಸು, ಬೆರಳಿನ ಗುರುತು ಬಿದ್ದರೂ ಕಾದಾಗ ಸಿಡಿಯುವ ಗಾಜು, ನಿದ್ದೆಹೋದ ಮಗುವನ್ನು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ದಾಟಿಸುವ ಹಾಗೆ, ಉಸಿರು ಹಿಡಿದು — ಹೊತ್ತಿಕೊಂಡಾಗ ಎಂಥ ಬೆಳಕು, ಪರದೆಯ ನಾಲ್ಕು ಮೂಲೆಗೂ ಸಮನಾಗಿ. ಅದು ಕೆಟ್ಟಿದೆ ಎಂದು ಬರೆದರೆ ಕೆಟ್ಟದ್ದು ದೀಪವಲ್ಲ, ಅವಳ ಕೈ. ತಾಂತ್ರಿಕ ಕಾರಣ ಅಂತ ಬೋರ್ಡ್ ಹಾಕ್ತೀವಿ, ಎಂದರು ಮ್ಯಾನೇಜರು. ಯಂತ್ರದ್ದೇನೂ ಇಲ್ಲ ಸಾರ್, ಬರೀ ತಂತ್ರ, ಎಂದು ನಾಲಿಗೆಯ ತುದಿಗೆ ಬಂದದ್ದು ಹೊರಗೂ ಬಂತು, ಅವರು ನಗಲಿಲ್ಲ, ಬೇರೆ ದಿನ ಆಗಿದ್ದರೆ ನಗುತ್ತಿದ್ದರು.

ಗಿಣಿಯಾದರೂ ನಿನ್ನೆ ನಕ್ಕಿದ್ದಳು, ಟಿಕೆಟ್ ಕೌಂಟರಿನವಳು, ದಿನವಿಡೀ ಒಂದೇ ಪಾಠ ಒಪ್ಪಿಸುತ್ತಾಳೆಂದು ಅವಳಿಗೆ ಆ ಹೆಸರು, ಯಾವ ಶೋ, ಎಷ್ಟು ಜನ, ಮುಂದೇನಾ ಹಿಂದೇನಾ. ನಿನ್ನೆ ಮಧ್ಯಾಹ್ನ ಫೋನ್ ಬಂತಂತೆ, ಮರಳು ಅರೆದಂಥ ಗಂಟಲು — ಇವಳು ಆ ಗಂಟಲನ್ನು ಈಗ ಒಳಗೊಳಗೇ ಮಾಡಿ ನೋಡುತ್ತಾಳೆ, ಸ್ವಲ್ಪ ಕೆಳಗೆ, ಸ್ವಲ್ಪ ಎಲೆಯಡಿಕೆ ಉಗಿದವನ ಹಾಗೆ, ಹಾಂ, ಬಂತು — ಆ ಚಿತ್ರ ಹಾಕಿದ್ರೆ ಪರದೆ ಸುಟ್ಟು ಬೂದಿ ಮಾಡ್ತೀವಿ. ಗಿಣಿ ಅಭ್ಯಾಸಬಲದಿಂದ, ಯಾವ ಶೋ ಸಾರ್, ಎಷ್ಟು ಜನ? ಹನ್ನೊಂದರದ್ದು, ಎಂದನಂತೆ, ಅವನಿಗೂ ಅಭ್ಯಾಸ. ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡಿದ್ದರು ಇಬ್ಬರೂ, ಆದರೆ ಇವತ್ತು ಬೆಳಿಗ್ಗೆ ಬಂದರೆ ಪೋಸ್ಟರಿನ ಗಾಜು ಮೆಟ್ಟಿಲ ತುಂಬ, ಒಂದು ಅರ್ಧ ಇಟ್ಟಿಗೆ, ಪಕ್ಕದಲ್ಲಿ ಸೀಮೆಎಣ್ಣೆ ನಾರುವ ಬಟ್ಟೆಯುಂಡೆ, ಹಚ್ಚಿರಲಿಲ್ಲ, ಹಚ್ಚಬಲ್ಲೆವು ಎಂದು ತೋರಿಸಲು ಇಟ್ಟು ಹೋಗಿದ್ದರು, ಗಿಣಿ ಅದನ್ನು ಪೊರಕೆಯ ತುದಿಯಿಂದ ದೂಡುವಾಗ ಪೊರಕೆ ನಡುಗುತ್ತಿತ್ತು, ನಗಲಿಲ್ಲ. ಯಾರಿಗೋ ಭಾವನೆಗೆ ನೋವಾಗಿದೆಯಂತೆ ಕಣಕ್ಕಾ. ಯಾರ ಭಾವನಿಗೆ, ಎಂದಳು ಇವಳು, ಸುಮ್ಮನೆ, ಆ ಪೊರಕೆ ನಿಲ್ಲಲಿ ಎಂದು. ನಿಂತಿತು. ಆಮೇಲೆ ಕಂಪನಿಯ ವಲಯ ಕಚೇರಿಯ ಮೇಡಂ ಫೋನು, ಸ್ಪೀಕರಿನಲ್ಲಿ, ಅದೂ ಒಂದು ಗಂಟಲು, ಲಿಫ್ಟಿನೊಳಗೆ ಇರುತ್ತದಲ್ಲ, ಬಾಗಿಲುಗಳು ಮುಚ್ಚುತ್ತಿವೆ ದಯವಿಟ್ಟು ದೂರ ನಿಲ್ಲಿ, ಅದೇ — ನಾವು ಚಿತ್ರವನ್ನ ನಿಲ್ಲಿಸ್ತಾ ಇಲ್ಲ, ತೋರಿಸದೇ ಇರೋ ಆಯ್ಕೆ ಮಾಡ್ಕೊಂಡಿದ್ದೀವಿ, ಕಲಾವಿದರ ಸ್ವಾತಂತ್ರ್ಯದ ಬಗ್ಗೆ ಸಂಸ್ಥೆಗೆ ಸದಾ ಗೌರವ ಇದೆ. ಪೊಲೀಸರನ್ನ ಕರೀಬಹುದಲ್ವಾ ಮೇಡಂ? ಎಂದಳು ಇವಳು. ಕರೆದ್ರೆ ಸುದ್ದಿ ಆಗುತ್ತೆ. ಬೆದರಿಕೆ ಬಂತು, ಅದಕ್ಕೇ ನಿಲ್ಲಿಸಿದ್ವಿ ಅಂತ ಬೋರ್ಡ್ ಹಾಕಬಹುದಲ್ವಾ? ಅದೂ ಸುದ್ದಿನೇ, ದೀಪ ಕೆಟ್ಟರೆ ಸುದ್ದಿ ಅಲ್ಲ, ಯಾರಿಗೂ ಬೇಜಾರಿಲ್ಲ. ದೀಪಕ್ಕೆ? ಎಂದು ಕೇಳಿದ್ದು ಇವಳೇ, ಮ್ಯಾನೇಜರು ಮೇಜಿನ ಕೆಳಗೆ ಕಾಲು ತುಳಿದರು. ನೀವು ಚಿತ್ರ ನೋಡಿದ್ರಾ ಮೇಡಂ? ನೋಡೋ ಅಗತ್ಯ ಬರಲಿಲ್ಲ. ಮ್ಯಾನೇಜರೂ ನೋಡಿಲ್ಲ, ನಂಗೆಲ್ಲಿ ಟೈಮು ಅಕ್ಕಾ, ಇಟ್ಟಿಗೆ ಎಸೆದವನೂ ನೋಡಿರಲಾರ, ಬಿಡುಗಡೆಯೇ ಇವತ್ತು, ಇಡೀ ಕಟ್ಟಡದಲ್ಲಿ ನೋಡಿದವಳೆಂದರೆ ಇವಳೊಬ್ಬಳು, ಅದೂ ಅರ್ಧಂಬರ್ಧ, ಬೆಳಿಗ್ಗೆ ಪರೀಕ್ಷೆಗೆಂದು ಮೊದಲ ಹತ್ತು ನಿಮಿಷ, ನಡುವೆ ಐದು, ಕೊನೆಯಲ್ಲಿ ಎರಡು. ಚಿತ್ರದ ಕತೆ ಇಷ್ಟೇ, ಊರ ನಡುವಿನ ಮಹಾನುಭಾವರ ಪ್ರತಿಮೆ, ತಮ್ಮ ಹೆಸರು ಹೇಳಿಕೊಂಡು ಜನ ಮಾಡುವ ಭಾಷಣಗಳನ್ನು ಕೇಳಿ ಕೇಳಿ ಕಿವಿ ತೂತಾಗಿ, ಒಂದು ದಿನ ಪೀಠದಿಂದ ಇಳಿದು ನಗರಸಭೆಯ ಸಾಲಿನಲ್ಲಿ ನಿಲ್ಲುತ್ತದೆ, ಬಂಡೆಯ ಬಂಡಾಯ. ನನ್ನ ಹೆಸರು ನನಗೆ ವಾಪಸ್ ಕೊಡಿ ಸ್ವಾಮಿ. ಗುಮಾಸ್ತ ತಲೆಯೆತ್ತದೆ, ಗುರುತಿನ ಚೀಟಿ ಇದೆಯಾ? ಅಷ್ಟೇ. ಯಾರನ್ನೂ ಬೈದಿಲ್ಲ, ಯಾರ ಬಟ್ಟೆಯನ್ನೂ ಎಳೆದಿಲ್ಲ, ಆ ಕಲ್ಲಿನ ಮುಖದಲ್ಲಿ ಸರದಿ ಕಾಯುವವನ ಸಂಕೋಚ ಕಂಡು ಇವಳು ಒಬ್ಬಳೇ ಕತ್ತಲಲ್ಲಿ ಗಟ್ಟಿಯಾಗಿ ನಕ್ಕಿದ್ದಳು, ಆ ನಗುವಿನ ಮೇಲೆ ಈಗ ದೀಪ ಕೆಟ್ಟಿದೆ ಎಂದು ಬರೆಯಬೇಕು.

ಅಪ್ಪ ಕತ್ತರಿಸುತ್ತಿದ್ದ. ಅಪ್ಪನದೂ ಇದೇ ಕೆಲಸ, ಆಗ ರೀಲು, ಊರಿನ ಯಾವನೋ ದೊಡ್ಡಮನುಷ್ಯನಿಗೆ ಯಾವುದೋ ಮಾತು ಚುಚ್ಚಿದರೆ ಮಾಲೀಕರು ಹೇಳಿ ಕಳಿಸುವರು, ಅಪ್ಪ ಕತ್ತರಿ ತೆಗೆಯುವನು, ಎರಡು ತುದಿಗೆ ಅಂಟು ಹಚ್ಚಿ ಒತ್ತುವನು, ತುಂಡು ಜೇಬಿನಲ್ಲಿ ಮನೆಗೆ ಬರುವುದು. ಅವಳು ಅದನ್ನು ಕಿಟಕಿಗೆ ಹಿಡಿದು ನೋಡುವಳು, ಹೆಬ್ಬೆರಳ ಉಗುರಿನಷ್ಟು ಚೌಕದಲ್ಲಿ ಒಬ್ಬ ಹೆಂಗಸು ಬಾಯಿ ತೆರೆದಿದ್ದಾಳೆ, ಮುಂದಿನ ಚೌಕದಲ್ಲೂ ತೆರೆದಿದ್ದಾಳೆ, ಅದರ ಮುಂದಿನದರಲ್ಲೂ, ಏನು ಹೇಳ್ತಿದಾಳೆ ಅಪ್ಪಾ? ಹೇಳ್ಬಾರದ್ದು. ನೀನ್ಯಾಕೆ ಕತ್ತರಿಸಿದೆ? ಹೇಳಿದ್ರು, ಕತ್ತರಿಸಿದೆ. ಬೈಯಬೇಕೆನಿಸುತ್ತದೆ ಈಗಲೂ, ಆದರೆ ಒಂದು ಮಾತು, ಅಪ್ಪನ ಕತ್ತರಿ ಕಳ್ಳತನ ಮಾಡುತ್ತಿರಲಿಲ್ಲ, ಚಿತ್ರ ಅಲ್ಲಿಗೆ ಬಂದಾಗ ಎಗರುತ್ತಿತ್ತು, ಬಾಗಿಲ ಬಳಿ ಇದ್ದ ಹೆಂಗಸು ಥಟ್ಟನೆ ಮಂಚದ ಮೇಲೆ, ಜನ ಶಿಳ್ಳೆ ಹೊಡೆದು, ಏ ಏನೋ ಕತ್ತರಿಸಿದ್ಯಾ, ತುಂಡು ಮನೆಗೆ ತಗೊಂಡ್ ಹೋದ್ಯಾ ಎಂದು ಕುರ್ಚಿ ಬಡಿಯುವರು, ಗಾಯ ಇತ್ತು, ಎಲ್ಲರಿಗೂ ಕಾಣುತ್ತಿತ್ತು. ಇದರಲ್ಲಿ ಗಾಯವಿಲ್ಲ. ಮಧ್ಯಾಹ್ನದೊಳಗೆ ಚಿತ್ರವನ್ನು ಯಂತ್ರದಿಂದ ಅಳಿಸಬೇಕಂತೆ, ಅಳಿಸು ಎಂಬ ಗುಂಡಿ ಅಲ್ಲೇ ಇದೆ, ಆಗಲೇ ಒಮ್ಮೆ ಮುಟ್ಟಿ ನೋಡಿದಳು, ಸುಳ್ಳೇಕೆ, ಹೆದರಿ ಮುಟ್ಟಿದಳು, ಯಂತ್ರ ಕೇಳಿತು, ನೀವು ಖಚಿತವಾಗಿದ್ದೀರಾ? — ಇಡೀ ಕಂಪನಿಯಲ್ಲಿ ಆ ಪ್ರಶ್ನೆ ಕೇಳಿದ್ದು ಯಂತ್ರವೊಂದೇ. ಇಲ್ಲ ಎಂದು ಒತ್ತಿದಳು. ಕೆಲಸ ಹೋದರೆ? ಈ ಊರಿನ ಪರದೆಗಳೆಲ್ಲ ಇದೇ ಕಂಪನಿಯವು, ಪಕ್ಕದ ಊರಿನವೂ, ಐವತ್ತೆರಡನೆಯ ವಯಸ್ಸಿಗೆ ಬೇರೇನು ಬರುತ್ತದೆ ಅವಳಿಗೆ, ಬೆಳಕು ಹಾಯಿಸುವುದು, ಪರರ ಗಂಟಲು ಮಾಡುವುದು, ಮಗಳ ಓದು ಇನ್ನೂ ಎರಡು ವರ್ಷ. ಮನೆಗೆ ಹೋದರೆ ಅತ್ತೆ ದಿನಾ ಕೇಳುವುದನ್ನೇ ಕೇಳುತ್ತಾರೆ, ಇವತ್ತು ಎಷ್ಟು ಜನಾನ ಕತ್ತಲಲ್ಲಿ ಕೂರಿಸಿ ಬಂದ್ಯೇ? ತಮಾಷೆ ಅದು, ಹದಿನೆಂಟು ವರ್ಷದ ಹಳೇ ತಮಾಷೆ, ಇವತ್ತು ಅದಕ್ಕೆ ಉತ್ತರ ಹೇಳುವುದು ಹೇಗೆ. ಕೆಳಗೆ ಏನೋ ಗಲಾಟೆ. ಬಂದೇಬಿಟ್ಟರೇ? ಗೋಡೆಯ ಪುಟ್ಟ ಗಾಜಿಗೆ ಹಣೆ ಒತ್ತಿ ನೋಡುತ್ತಾಳೆ, ಅಲ್ಲ, ಅವರಲ್ಲ, ಹನ್ನೊಂದರದ್ದಕ್ಕೆ ಮೊದಲೇ ಟಿಕೆಟ್ ಕೊಂಡವರು, ಹತ್ತು ಜನ. ಗಿಣಿ ನಡುದಾರಿಯಲ್ಲಿ ನಿಂತು ಎಲ್ಲವನ್ನೂ ಒಪ್ಪಿಸುತ್ತಿದ್ದಾಳೆ, ಮ್ಯಾನೇಜರು ಹೇಳಿಕೊಟ್ಟದ್ದನ್ನಲ್ಲ, ಎಲ್ಲವನ್ನೂ, ಗಾಜು ದಪ್ಪ, ಆದರೂ ಆಪರೇಟರಿಗೆ ತುಟಿ ಓದಲು ಬರುತ್ತದೆ — ಫೋನ್ ಬಂದಿತ್ತು, ಇಟ್ಟಿಗೆ ಬಿದ್ದಿದೆ, ಬಟ್ಟೆಯುಂಡೆ ಇತ್ತು, ಹೋಗೋರು ಹೋಗಬಹುದು. ಕನ್ನಡಕದ ಒಬ್ಬ ಮುದುಕ ಎದ್ದ. ಹೋಗಲಿಲ್ಲ, ಮೈಮುರಿದು ಮತ್ತೆ ಕೂತ. ಬ್ಯಾಂಕಿನ ಬ್ಯಾಗು ತಗಲಿಸಿಕೊಂಡ ಹೆಂಗಸು, ಪಕ್ಕದಲ್ಲಿ ಅವಳ ತಂಗಿಯಿರಬೇಕು, ಅದೇ ಮೂಗು, ಎರಡು ಕಾಲೇಜು ಜೋಡಿ, ಬಸ್ಸಿನ ಖಾಕಿ ಅಂಗಿಯ ಮೂವರು, ಪಾಳಿ ಮುಗಿಸಿ ನೇರ ಬಂದವರು, ಯಾರೂ ಏಳಲಿಲ್ಲ, ಬದಲಿಗೆ ಒಬ್ಬೊಬ್ಬರಾಗಿ ಹಿಂದೆ ತಿರುಗಿ ಮೇಲೆ ನೋಡಿದರು, ಈ ಪುಟ್ಟ ಗಾಜಿನತ್ತ. ಇಪ್ಪತ್ತಾರು ವರ್ಷದಲ್ಲಿ ಜನ ಈ ಕಡೆ ತಿರುಗಿದ್ದು ಬೈಯಲು ಮಾತ್ರ, ಚಿತ್ರ ನಿಂತಾಗ, ಸದ್ದು ಹೋದಾಗ, ಇವರು ಬೈಯುತ್ತಿಲ್ಲ, ಕಾಯುತ್ತಿದ್ದಾರೆ, ನಗರಸಭೆಯ ಸಾಲಿನಲ್ಲಿ ನಿಂತ ಹಾಗೆ.

ಸರಿ, ಹಾಗಾದರೆ, ಎಂದುಕೊಂಡಳೋ ಗಟ್ಟಿಯಾಗಿಯೇ ಅಂದಳೋ, ಫೋನೆತ್ತಿ ಗಿಣಿಗೆ ಹೇಳಿದ್ದು ಮಾತ್ರ ಗಟ್ಟಿಯಾಗಿಯೇ, ನಾಲ್ಕೂ ಬಾಗಿಲ ಅಗಳಿ ತೆಗೆದಿಡೇ, ಬಕೆಟ್ಟಿನಲ್ಲಿ ಮರಳಿದ್ಯಾ ನೋಡು, ಆ ಬೆಂಕಿ ಆರಿಸೋ ಸಿಲಿಂಡರ್ ತಂದು ನಿನ್ನ ಪಕ್ಕ ಇಟ್ಕೋ, ಪೊಲೀಸ್ ಠಾಣೆಗೆ ನಾನು ಹೇಳ್ದೆ ಅಂತ ಫೋನ್ ಹಾಕು. ಅಕ್ಕಾ, ಮ್ಯಾನೇಜರು? ಅವ್ರಿಗೆ ನಾನಿದ್ದೀನಿ. ಪೆನ್ನು, ಎಲ್ಲಿ ಹೋಯಿತು ಈ ಪೆನ್ನು, ಕೈಯಲ್ಲೇ ಇದೆ, ದೀಪ ಕೆಟ್ಟಿದೆ ಎಂಬುದರ ಮೇಲೆ ಒಂದೇ ಗೆರೆ, ನೇರ ಬರಲಿಲ್ಲ, ಬೇಡ, ಅದರ ಕೆಳಗೇ ಬರೆದಳು — ದೀಪ ಕೆಟ್ಟಿಲ್ಲ, ಕಂಪನಿ ಹೆದರಿದೆ, ಪ್ರದರ್ಶನ ಇದೆ — ಆಮೇಲೆ ಸಹಿ, ಮನೆಯ ಗೆರೆ ದಾಟಿ ಪಕ್ಕದ ಮನೆಗೂ ಕಾಲಿಡುವಷ್ಟು ದೊಡ್ಡದಾಗಿ, ಮಗಳ ಅಂಕಪಟ್ಟಿಗೂ ಇಷ್ಟು ಚೆಂದ ಹಾಕಿರಲಿಲ್ಲ. ಕೋಣೆಯ ಅಗಳಿ ಜಡಿದಳು. ಚಿತ್ರದ ಕೀಲಿ, ಅದಿಲ್ಲದೆ ಯಂತ್ರ ಚಿತ್ರ ತೆರೆಯದು, ಇನ್ನೂ ಜೀವಂತ, ಗುರುವಾರದವರೆಗೂ, ವಲಯದ ಮೇಡಂಗೆ ಅದನ್ನು ಕೊಲ್ಲಲು ಅರ್ಧ ದಿನವಾದರೂ ಬೇಕು. ದೀಪ — ಟಕ್ — ಹೊತ್ತಿತು, ನನ್ನಪ್ಪಾ, ಎಂಥ ಬೆಳಕು. ಮೆಟ್ಟಿಲ ಮೇಲೆ ದಡದಡ, ಬಾಗಿಲಿಗೆ ಗುದ್ದು, ಅಕ್ಕಾ, ಏನ್ ಮಾಡ್ತಿದ್ದೀರಿ, ಬಾಗ್ಲು ತೆಗೀರಿ, ಮೇಡಂ, ಮೇಡಂ! — ಆಹಾ, ಮೇಡಂ ಆದೆ — ಗಂಟಲನ್ನು ಸ್ವಲ್ಪ ಮೇಲೆತ್ತಿ, ಮೂಗಿಗೆ ಸ್ವಲ್ಪ ಹತ್ತಿರ ತಂದು, ಲಿಫ್ಟಿನೊಳಗಿನ ಆ ನಯ ಬೆರೆಸಿ ಅಂದಳು, ತಾಂತ್ರಿಕ ಕಾರಣಗಳಿಂದ ಈ ಬಾಗಿಲನ್ನು ತೆರೆಯಲಾಗುತ್ತಿಲ್ಲ, ದಯವಿಟ್ಟು ಸಹಕರಿಸಿ. ಹೊರಗೆ ಗುದ್ದು ನಿಂತಿತು. ಒಂದು ಉಸಿರಿನಷ್ಟು ಹೊತ್ತು ಅವರು ನಿಜಕ್ಕೂ ವಲಯ ಕಚೇರಿಯೇ ಒಳಗಿದೆಯೆಂದು ತಿಳಿದರೇನೋ, ಆಮೇಲೆ ಅಳುವ ದನಿ, ನನ್ನ ಕೆಲ್ಸಾನೂ ಹೋಗತ್ತೆ ಅಕ್ಕಾ. ಅದು ಚುಚ್ಚಿತು. ನಿಜವಾಗಿ ಚುಚ್ಚಿತು, ಮನುಷ್ಯ ಕೆಟ್ಟವನಲ್ಲ, ಅವಳಿಗೆ ಜ್ವರ ಬಂದಾಗ ರಜೆ ಕೊಟ್ಟು ಮಾತ್ರೆಯನ್ನೂ ಕಳಿಸಿದವನು. ಸಾರ್, ನಾನು ಅಗಳಿ ಹಾಕ್ಕೊಂಡೆ ಅಂತ ಬರೀರಿ, ಬಾಗಿಲು ಒಡೆಯೋಕಾಗ್ಲಿಲ್ಲ ಅಂತ ಬರೀರಿ, ನಿಜಾನೇ ಅಲ್ವಾ, ಒಂದ್ಸಲ ನಿಜ ಬರೆದು ನೋಡಿ. ದಡದಡ ಕೆಳಗಿಳಿಯಿತು. ಹತ್ತು ಮುಖ ಮುಂದಕ್ಕೆ ತಿರುಗಿವೆ, ಊರು, ವೃತ್ತ, ಪಾರಿವಾಳ, ಪೀಠ, ಭಾಷಣಕಾರನ ಮೈಕು ಕೊಂಯ್ ಎನ್ನುತ್ತದೆ, ಬಸ್ಸಿನ ಮೂವರಲ್ಲಿ ಒಬ್ಬ ಆಗಲೇ ಕಿಸಕ್ಕೆಂದ, ಹಾಂ, ನಗು, ನಗಪ್ಪಾ, ಇನ್ನೂ ಇದೆ — ಅಷ್ಟರಲ್ಲಿ ಪಕ್ಕದ ಬಾಗಿಲಿಂದ ಮ್ಯಾನೇಜರು ಓಡಿ ಬಂದು ಪರದೆಯ ಮುಂದೆ ನಿಂತರು, ಎರಡೂ ಕೈ ಅಡ್ಡ ಚಾಚಿ, ನಿಲ್ಸಿ, ಪ್ರದರ್ಶನ ಇಲ್ಲ, ದೀಪ ಕೆಟ್ಟಿದೆ! ಆ ದೀಪದ ಬೆಳಕು ಅವರ ಮೈತುಂಬ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಚಿತ್ರದ ಕೆಳಗಿನ ಪಾಲೆಲ್ಲ ಅಂಗಿಯ ಮೇಲೆ. ಏ ಸ್ವಾಮಿ, ಪಕ್ಕಕ್ಕೆ ಬನ್ರೀ, ಅಥವಾ ಅಲ್ಲೇ ಕೂತ್ಕೊಳ್ರೀ, ಕೆಳಗಿಂದ ಕೂಗು, ನಗು, ಅವರು ಏನೋ ಹೇಳಲು ಬಾಯಿ ತೆರೆದರು, ಅಂಗಿಯ ಮೇಲೆ ಪೀಠ ಬಂತು, ಬಾಯಿ ತೆರೆದೇ ಇತ್ತು, ಅಂಗಿಯ ಮೇಲೆ ಏನೋ ಅಲುಗಿತು, ಅವರು ತಲೆ ತಗ್ಗಿಸಿದರು, ಯಾಕೆ, ಏನಾಯಿತು, ಓಹೋ — ಚಿತ್ರ ನೋಡುತ್ತಿದ್ದಾರೆ. ಚಾಚಿದ ಕೈಗಳು ನಿಧಾನಕ್ಕೆ ಕೆಳಗಿಳಿಯುತ್ತಿವೆ, ಕೈಗಳಿಗೆ ಗೊತ್ತಿಲ್ಲದ ಹಾಗೆ, ಮೇಜಿನ ಮೇಲೆ ಫೋನು ಬಡಿದುಕೊಳ್ಳುತ್ತಿದೆ, ವಲಯದ್ದಿರಬಹುದು, ಠಾಣೆಯದಿರಬಹುದು, ಮರಳು ಗಂಟಲಿನದಿರಬಹುದು, ಬಡಿದುಕೊಳ್ಳಲಿ, ಅವಳ ಹಣೆ ಗಾಜಿನ ಮೇಲಿದೆ, ಆ ಬಿಳಿ ಅಂಗಿ, ಗುಂಡಿಗಳ ಸಾಲಿನ ಮೇಲೆ ಪೀಠದ ಅಂಚು, ಅಂಚಿನಿಂದ ಮೇಲೆದ್ದ ಕಲ್ಲಿನ ಪಾದ, ಐದು ಬೆರಳು, ತಗ್ಗಿದ ಕತ್ತು, ತನ್ನ ಎದೆಯನ್ನು ತಾನೇ ನೋಡಿಕೊಳ್ಳುತ್ತ ನಿಂತ ಮನುಷ್ಯ, ಅಂಗಿ, ಅಂಗಿಯ ಮೇಲೆ ಪಾದ, ನೆಲ ಹುಡುಕುತ್ತಿರುವ ಪಾದ, ಬಿಳಿ ಅಂಗಿ —